ಕಾಜಾ

ಕಪನೂರಿನ ಶೆಡ್ಡಿನಲ್ಲಿ ಮೊದಲ ಟಾಕಿ ಒಡೆದದ್ದು
ನಡುಹೊಟ್ಟೆಯಲ್ಲಿ ಅಲ್ಲ,
ನಾನು ಕೊರೆದ ನಾಲ್ಕಿಂಚಿನ ತೂತಿನ ದಂಡೆಯಲ್ಲಿ.
ಬಿಳಿ ಕೂದಲಿನಂಥ ಗೆರೆಯೊಂದು ಎಡಕ್ಕೆ ಹೊರಟು,
ತುಸು ನಿಂತು, ವಿಚಾರ ಮಾಡಿ
ಮತ್ತೆ ಹೊರಟಿತು.
ಅದರ ಹಿಂದೆ ನೀರು.

ಲೆಕ್ಕ ನನಗೆ ಗೊತ್ತಿತ್ತು.
ದಾರಿಯಲ್ಲಿ ತೂತು ಬಿತ್ತೆಂದು ಭಾರ ವಾಪಸು ಹೋಗುವುದಿಲ್ಲ;
ಎರಡೂ ಮಗ್ಗುಲಿಗೆ ಸರಿದು ಅಂಚಿಗೆ ಬಂದು
ಮೂರು ಪಟ್ಟು ಒತ್ತಿ ನಿಲ್ಲುತ್ತದೆ,
ಸೂಪರ್ ಮಾರ್ಕೆಟ್ಟಿನಲ್ಲಿ ರಸ್ತೆ ಅಗೆದ ದಿನ
ಆಟೋಗಳು ನಿಲ್ಲುವ ಹಾಗೆ.
ಎಳೆಯೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ ಇನ್ನೂ ಹೆಚ್ಚು.
ಗೊತ್ತಿದ್ದೇ ಕೊರೆದೆ.
ಟಾಕಿ ಅಂದಮೇಲೆ ನಲ್ಲಿ ಬೇಕಲ್ಲ.

ಮೆಹಮೂದಾಬಿ ಬಂದು ಒಡಕಿನ ಮೇಲೆ ಬೆರಳಾಡಿಸಿದಳು.
ಗಾಜಿನ ನಾರು ಚುಚ್ಚಿ ಚುಚ್ಚಿ ಮರಗಟ್ಟಿದ ಬೆರಳು;
ಅದಕ್ಕೂ ಮೊದಲು ಹನ್ನೊಂದು ವರ್ಷ
ಮೋಮಿನಪುರದಲ್ಲಿ ಅಂಗಿಗೆ ಕಾಜಾ ಹೊಲಿದದ್ದು,
ಡಜನ್ನಿಗೆ ಇಷ್ಟು ಅಂತ.
"ಕಾಜಾ ಹೊಲೀಲಾರದ ಗುಂಡಿ ಹಚ್ಚೀದಿ," ಅಂದಳು.
"ಹರೀಲಾರದ ಏನ್ ಮಾಡತದ?"

ಕತ್ತರಿ ಹಿಡಿದು ಕೂತಳು.
ಬಳೆ ಕತ್ತರಿಸಿದಳು ಗಾಜಿನ ಬಟ್ಟೆಯಲ್ಲಿ,
ದೊಡ್ಡದು ಕೆಳಗೆ, ಅದರ ಮೇಲೆ ಬೆರಳಗಲ ಸಣ್ಣದು, ಮತ್ತೂ ಸಣ್ಣದು.
ಒಂದರ ಎಳೆ ನೆಟ್ಟಗೆ, ಮುಂದಿನದರದು ಓರೆ.
ಮೇ ತಿಂಗಳು; ಹಾರ್ಡನರ್ ಅರ್ಧ ಮುಚ್ಚಳ ಸಾಕು,
ಉಳಿದದ್ದನ್ನು ತಗಡಿನ ಮಾಡು ನೋಡಿಕೊಳ್ಳುತ್ತದೆ.
ರೆಸಿನ್ ಕುಡಿಸಿ, ರೋಲರ್ ಉರುಳಿಸಿ,
ಒಂದೊಂದೇ ಗುಳ್ಳೆಯನ್ನು ಅಂಚಿನ ತನಕ ಅಟ್ಟಿಸಿಕೊಂಡು ಹೋಗಿ ಒಡೆದಳು.

ನನಗೆ ಆಸೆ. ಇನ್ನೂ ಹತ್ತು ಪದರ ಹಾಕು,
ಶಹಾಬಾದಿ ಕಲ್ಲಾಗಲಿ, ಅಂದೆ.
ರೋಲರ್ ನಿಂತಿತು.
"ಬ್ಯಾಡ. ಭಾಳ ಗಟ್ಟಿ ಇದ್ದಲ್ಲಿಗೇ
ಊರ ಭಾರೆಲ್ಲ ಹುಡುಕ್ಕೋತ ಬರತದ.
ತೂತು ಉಳೀತದ ಖರೆ,
ತ್ಯಾಪಿ ಮುಗಿದ ಜಾಗಾ ಸೀಳತದ."

ಯಾರ ಮಾತಾಡಿದಳೋ. ಮನೆಯಲ್ಲಿ ಆರು ಹೊಟ್ಟೆ,
ಪಗಾರ ಇವಳದೊಂದೇ. ಕೇಳಲಿಲ್ಲ ನಾನು.
ಅವಳು ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಹೋದಳು,
ತೇಪೆ ಎಲ್ಲಿ ಮುಗಿದು ಟಾಕಿ ಎಲ್ಲಿ ಶುರುವಾಯಿತೆಂದು
ಕಣ್ಣಿಗೆ ಬಿಡಿ, ಬೆರಳಿಗೂ ಸಿಗದ ಹಾಗೆ.

ಮೂರು ದಿನ ಬಿಟ್ಟು ನೀರು ತುಂಬಿಸಿದೆವು.
ಎರಡು ಸಾವಿರ ಲೀಟರು.
ನಾನು ಟಾಕಿಗೆ ಕಿವಿ ಹಚ್ಚಿ ನಿಂತೆ; ಒಂದು ಚಿಟಕ್ ಇಲ್ಲ.
ಮೆಹಮೂದಾಬಿ ನಲ್ಲಿ ತಿರುವಿ
ಮೊಣಕೈ ತನಕ ತುರಿಕೆ ತೊಳೆದುಕೊಂಡು
ಊಟದ ಡಬ್ಬಿ ಬಿಚ್ಚಲು ಹೋದಳು.

ಬಗ್ಗಿ ನೋಡಿಕೊಂಡೆ ನನ್ನ ಅಂಗಿ.
ಮೇಲಿನಿಂದ ಎರಡನೆಯ ಕಾಜಾ
ದಾರ ಬಿಚ್ಚಿ ಎಷ್ಟು ದಿನವಾಗಿತ್ತೋ.