ನಾಲ್ಕನೆಯ ಹಾಳೆ

ಕಾಲೇಜಿನ ಒಣಗಿಡಗಳ ಕೋಣೆಯಲ್ಲಿ ನಾನು
ಇಪ್ಪತ್ತಾರು ಮಳೆಗಾಲ ಬೂಷ್ಟಿನ ಜೊತೆ ಜಗಳವಾಡಿದವಳು.
ಕಪಾಟಿನೊಳಗೆ ಹಗಲಿಡೀ ಉರಿಯುವ ನಲವತ್ತು ವ್ಯಾಟಿನ ಬಲ್ಬು,
ನುಸಿಗುಳಿಗೆಯ ವಾಸನೆ ನನ್ನ ಸೀರೆಯಲ್ಲೂ.

ಪಣಂಬೂರಿನಿಂದ ಎಸ್ಸೈ ಬಂದರು, ಪೇಪರಿನ ಪೊಟ್ಟಣ ಹಿಡಿದು.
"ಕ್ರಾಸ್ತಾ ಬಾಯಮ್ಮ, ಇದು ಗಾಂಜಾ ಹೌದಾ ಅಲ್ಲವಾ, ಒಂದು ಮಾತು.
ಶೆಡ್ಡಿನ ಹಿಂದೆ ಸಾಲಾಗಿ ಬೆಳೆಸಿದ್ದಾರೆ ಮಾರಾಯ್ರೆ!"

ಒಂದೇ ಮಾತೇ? ಕೆಂಪು ದಾರದ ಕಟ್ಟು ಬಿಚ್ಚಿದೆ.

ಇದು ಸಟೈವಾ, ಉದ್ದದವಳು. ಹಾಳೆಗೆ ಹಿಡಿಸದೆ
ಎರಡು ಕಡೆ ಮಡಚಿ ಮಲಗಿಸಿದ್ದೇವೆ,
ರೈಲಿನ ಮೇಲಿನ ಬರ್ತಿನಲ್ಲಿ ಮೊಣಕಾಲು ಮಡಚಿದವರಂತೆ.
ಸಪೂರ ಬೆರಳು. ಇವಳ ಕಡೆಯವರು ಕೆಲವರು
ನಶೆಯ ದಾರಿ ಹಿಡಿಯದೆ ಹಡಗಿನ ಹಗ್ಗವಾಗಿ ದುಡಿದರು.

ಇದು ಇಂಡಿಕಾ. ಗಿಡ್ಡ, ಪೊದೆ. ಎಲೆ
ಬುಟ್ಟಿಯಿಂದ ಹಿಡಿ ತುಂಬ ಬಂಗುಡೆ ಎತ್ತುವ ಕೈ.
ಇವರಿಬ್ಬರೂ ಬೇರೆಯೋ, ಒಂದೇ ಮನೆಯ ಅಕ್ಕತಂಗಿಯರೋ,
ಓದಿದವರೇ ಇನ್ನೂ ತೀರ್ಮಾನಿಸಿಲ್ಲ ಸಾರ್.

ಇದು ರುಡೆರಾಲಿಸ್. ಬೇರುಸಹಿತ ಒಂದೇ ಹಾಳೆಯಲ್ಲಿ ಮುಗಿದವಳು.
ಉಳಿದಿಬ್ಬರು ರಾತ್ರಿ ಉದ್ದವಾಗಲೆಂದು ಕಾಯುತ್ತಾರೆ;
ಇವಳು ಸೂರ್ಯನನ್ನು ಕೇಳುವುದೇ ಇಲ್ಲ,
ತನ್ನ ದಿನ ತಾನೇ ಎಣಿಸಿ ಹೂಬಿಡುತ್ತಾಳೆ.
ಮೂವರಲ್ಲಿ ನನಗೆ ಇವಳೆಂದರೆ... ಇರಲಿ.

ಎಸ್ಸೈ ಗಡಿಯಾರ ನೋಡಿದರು. ಪೊಟ್ಟಣ ಬಿಚ್ಚಿದೆ.
ಐದು ಬೆರಳು, ಹೌದು. ಅಂಚು ಗರಗಸ, ಹೌದು.
ಆದರೆ ಬುಡದಲ್ಲಿ, ಬಾತುಕೋಳಿಯ ಪಾದದ ಹಾಗೆ,
ಬೆರಳುಗಳ ನಡುವೆ ಚೂರು ಚರ್ಮ ಉಳಿದಿದೆ.
ಗಾಂಜಾ ಆದರೆ ತೊಟ್ಟಿನವರೆಗೂ ಬಿಡಿಬಿಡಿ.
ಮೂಸಿದೆ. ಹರಿದು ಬಾಯಿಗಿಟ್ಟೆ.
"ಅಯ್ಯೋ ಬಾಯಮ್ಮ!"
ಹುಳಿ.

"ಬೆಳೆಸಿದವಳು ಎಲ್ಲಿಯವಳು?"
"ಸಿಂಧನೂರಂತೆ, ಹುಲಿಗೆಮ್ಮ. ಪುಂಡಿ, ಪುಂಡಿ ಎಂದು ಅಳುತ್ತಾಳೆ.
ಪುಂಡಿ ಹಬೆಯಲ್ಲಿ ಬೇಯುವುದಲ್ಲವಾ, ಅಕ್ಕಿಯದ್ದು?
ಗಿಡದಲ್ಲಿ ಆಗುತ್ತದಾ ಎಂದು ಸ್ಟೇಷನ್ನಿಡೀ ನಗಾಡಿತು."

ಆಗುತ್ತದೆ ಸಾರ್, ಘಟ್ಟದ ಆಚೆ. ಜೋಳದ ರೊಟ್ಟಿಗೆ ಪಲ್ಯ.
ಲ್ಯಾಟಿನಿನಲ್ಲೂ ಇದರ ಹೆಸರಿನ ಬಾಲದಲ್ಲಿ ಗಾಂಜಾ ಉಂಟು;
ಹೆಸರಿಟ್ಟವನ ಕಣ್ಣಿಗೂ ಹಾಗೇ ಕಂಡಿತ್ತು,
ಆದರೆ ಅವನು ಕಿತ್ತು ಹಾಕಿಸಲಿಲ್ಲ.

ಅವರು ಬರೆದುಕೊಂಡು ಹೋದರು.
ಉಳಿದ ಟಿಸಿಲನ್ನು ಹಾಳೆಗೆ ಹೊಲಿದೆ.
ಸ್ಥಳ: ಪಣಂಬೂರು, ತಗಡಿನ ಶೆಡ್ಡಿನ ಹಿಂದೆ.
ಸಂಗ್ರಹಿಸಿದವರು: ಪೊಲೀಸು ಎನ್ನಲು ಕೈ ಬರಲಿಲ್ಲ.
ಬೆಳೆಸಿದವರಿಗೆ ನಮ್ಮ ಚೀಟಿಯಲ್ಲಿ ಜಾಗವೇ ಇಲ್ಲ.
ಅಡಿಪಟ್ಟಿ ಇಟ್ಟು, ಪೆನ್ಸಿಲಿನಲ್ಲಿ,
ಒಂದು ಗೆರೆ ಎಳೆದುಕೊಂಡೆ.