ಬಲಗಿವಿಯ ಕಾಡು

ಕಂಚಿಹಕ್ಕಲ ಕೆರೆಯ ಸುತ್ತಳತೆ
ನನ್ನ ಹೆಜ್ಜೆಗೆ ಎರಡು ಸಾವಿರದ ಮುನ್ನೂರು,
ಇನಾಸನ ಹೆಜ್ಜೆಗೆ ಸಾವಿರದೆಂಟುನೂರೋ ಏನೋ,
ಅವನು ಎಣಿಸುವವನಲ್ಲ.

ಪುಷ್ಯದ ಮೂರು ಗಂಟೆ.
ಬಿಸಿಲಿಗೆ ಬಂದರೆ ಸ್ವೆಟರು ಹೆಚ್ಚು,
ನೆರಳು ಹೊಕ್ಕರೆ ಒಂದು ಸಾಲದು.
ತೇಗದೆಲೆ ತಟ್ಟೆಯಷ್ಟಗಲ ಒಣಗಿ ಬಿದ್ದು
ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿಯುತ್ತದೆ.
ಮುರಿಯುತ್ತದೆಂದು ಅಂಗಾಲಿಗೆ ಗೊತ್ತು,
ಬಲಗಿವಿಗೆ ಗೊತ್ತು,
ಎಡಗಿವಿಗೆ ತಿಳಿಸುವವರಿಲ್ಲ.

ಶಿರಸಿಯ ಸಾಮಿಲ್ಲಿನಲ್ಲಿ ಮೂವತ್ತೊಂದು ವರ್ಷ
ಗರಗಸದ ಪಟ್ಟಿ ನನ್ನ ಎಡಕ್ಕೆ ಓಡಿತು.
ಮತ್ತಿಗೆ ಒಂದು ಸ್ವರ, ಹೊನ್ನೆಗೆ ಬೇರೆ,
ನಂದಿ ಸಲೀಸು, ಗಂಟು ಬಂದಲ್ಲಿ ಮಾತ್ರ ಚೀರುತ್ತಿತ್ತು.
ಕಣ್ಣು ಮುಚ್ಚಿ ಹೇಳುತ್ತಿದ್ದೆ ಯಾವ ಮರ, ಎಷ್ಟು ಹಸಿ,
ಒಳಗೆ ಪೊಳ್ಳಿದೆಯೋ ಇಲ್ಲವೋ.
ಹಾಗೆ ಒಂದೊಂದೇ ಮರ ಆ ಕಿವಿಯೊಳಗೆ ಹೋಗಿ
ಕೊನೆಯದು ಬಾಗಿಲು ಹಾಕಿಕೊಂಡಿತು.
ಡಾಕ್ಟರು ಮಷಿನು ಬರೆದುಕೊಟ್ಟರು. ಕೊಂಡೆ.
ಹಾಕಿದರೆ ನನ್ನದೇ ಬಾಯಿಯ ಅವಲಕ್ಕಿ ಸದ್ದೇ ಜೋರು.
ಪೆಟ್ಟಿಗೆಯಲ್ಲಿದೆ.

ಹಾಗಾಗಿ ನಾನು ಕೆರೆ ಸುತ್ತುವುದು ಪ್ರದಕ್ಷಿಣೆ.
ಭಕ್ತಿಯಲ್ಲ, ನೀರು ಬಲಕ್ಕಿರಲಿ ಎಂದು.
ನೀರುಕಾಗೆ ರೆಕ್ಕೆ ಒದರುವುದು,
ಮೀನೊಂದು ಮೇಲೆ ಬಂದು ಮನಸ್ಸು ಬದಲಾಯಿಸುವುದು,
ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆದ ಏಟು
ಕೈ ಮತ್ತೆ ಮೇಲೆದ್ದ ಮೇಲೆ ತಲುಪುವುದು,
ಇವೆಲ್ಲ ನನ್ನವು.
ಎಡಕ್ಕೆ ಕಾಡು.
ಅದು ಚಿತ್ರ.

ಇನಾಸ ಇಲಾಖೆಯಲ್ಲಿ ವಾಚರಾಗಿದ್ದವ.
ನಾನು ಸೀಳಿದ ದಿಮ್ಮಿಗಳಿಗೆಲ್ಲ
ಅದಕ್ಕೂ ಮೊದಲು ಸುತ್ತಿಗೆಯಲ್ಲಿ ಮೊಹರು ಹೊಡೆದವ.
ಆ ವಿಷಯ ನಾವು ಎತ್ತುವುದಿಲ್ಲ.
ಚಳಿಯ ಮಾತಾಡುತ್ತೇವೆ. ಮೊಣಕಾಲಿನ ಮಾತು.

ಇವತ್ತು ಕೋಡಿಯ ಹತ್ತಿರ ನಾಲ್ಕು ಕಾಟಿ,
ದಾರಿಯಲ್ಲೇ ಮಲಗಿ ಮೆಲುಕಾಡುತ್ತಿವೆ.
"ಈ ಬದಿಯಿಂದ ಹೋಗ್ವ,
ಸುತ್ತಿ ಬರೂದ್ರೊಳಗೆ ಎದ್ದು ಹೋಗ್ತವೆ" ಅಂದ.
ಎಡಸುತ್ತು ಹೆಣದ ಕೆಲಸಕ್ಕೆ ಮಾರಾಯ, ಅಂದೆ.
"ಇಗರ್ಜಿಯವಂಗೆ ಎರಡೂ ಒಂದೇ" ಎಂದು ನಗುತ್ತ
ಆಗಲೇ ಮುಂದೆ ನಡೆದಿದ್ದ.

ಕೆರೆ ಎಡಕ್ಕೆ ಸರಿದು ಗೋಡೆಯ ಕ್ಯಾಲೆಂಡರಾಯಿತು.
ಬಲಗಿವಿಗೆ ಕಾಡು ಬಂತು. ಒಮ್ಮೆಲೇ ಅಲ್ಲ,
ಜಗಲಿಯಲ್ಲಿ ಚಪ್ಪಲಿ ಬಿಟ್ಟು ಬರುವ ನೆಂಟರ ಹಾಗೆ:
ಮೊದಲು ಎಲೆಯೊಂದು
ಕೊಂಬೆ ಕೊಂಬೆಗೆ ತಾಗಿ ಇಳಿದದ್ದು,
ಆಮೇಲೆ ಮರಕುಟಿಗ,
ಆಮೇಲೆ ಎರಡು ಬಿದಿರು ಉಜ್ಜಿಕೊಂಡು ನರಳಿದ್ದು.
ಮೊಸಳೆ ಸಿಪ್ಪೆಯ ಮತ್ತಿಯೊಂದಕ್ಕೆ ಕಿವಿಯಿಟ್ಟು ನಿಂತೆ.
ಗಾಳಿ ತುದಿಯಲ್ಲಿತ್ತು ಕಾಣುತ್ತದೆ,
ಬುಡದಲ್ಲಿ ಸಣ್ಣಗೆ ಕಿರಕ್ ಎಂದಿತು.
ಈ ಮರದ ಇನ್ನೊಂದು ಸ್ವರ ನನಗೆ ಬಾಯಿಪಾಠ.
ಇದು ಗೊತ್ತಿರಲಿಲ್ಲ.

ಆಗ ಶುರುವಾಯಿತು ಅದು:
ಹುಶ್, ಹುಶ್, ಹುಶ್,
ಪಟ್ಟಿ ಗಾಲಿಗೇರಿ ಮೊದಲ ಸುತ್ತು ತಿರುಗಿದ ಹಾಗೆ.
ನನ್ನ ಕೈ ತನ್ನಷ್ಟಕ್ಕೆ ಸ್ವಿಚ್ಚಿನ ಎತ್ತರಕ್ಕೆ ಹೋಗಿ
ಗಾಳಿಯಲ್ಲಿ ತಡಕಾಡಿತು.
ಇನಾಸ ನನ್ನ ಗಲ್ಲ ಹಿಡಿದು ಮೇಲಕ್ಕೆತ್ತಿದ.
ಮಂಗಟ್ಟೆ.
ಎರಡು, ಒಂದರ ಹಿಂದೊಂದು,
ಹಳದಿ ಕೊಕ್ಕು ಮುಂದೆ ಮಾಡಿ ನೀರು ದಾಟುತ್ತಿದ್ದವು.
ಒಂಟಿ ಕಿವಿಗೆ ದಿಕ್ಕು ತಿಳಿಯುವುದಿಲ್ಲ.
ಆಕಾಶವೆಲ್ಲ ಹಾರಿತು.

ಕೋಡಿಗೆ ಬಂದಾಗ ಬಿಸಿಲು ಮರದ ತುದಿಗೆ ಹತ್ತಿತ್ತು.
ಕಾಟಿಗಳಿರಲಿಲ್ಲ. ಮಲಗಿದ್ದ ಜಾಗ ಇನ್ನೂ ಬೆಚ್ಚಗಿತ್ತು;
ಇನಾಸ ಬಗ್ಗಿ ಮುಟ್ಟಿದ, ನಾನೂ ಮುಟ್ಟಿದೆ.
ಗೊರಸಿನ ಗುಂಡಿಗಳಲ್ಲಿ ನೀರು ಒಸರುತ್ತಿತ್ತು.
ಎಣಿಕೆ ಎಲ್ಲೋ ತಪ್ಪಿಹೋಗಿತ್ತು.

ಅಲ್ಲಿಂದ ರಸ್ತೆಯವರೆಗೆ ಅವನು ನನ್ನ ಎಡಕ್ಕೆ ನಡೆದ,
ಯಾಕೋ ಜಾಗ ಬದಲಿಸಲಿಲ್ಲ.
ಏನೋ ಹೇಳುತ್ತಿದ್ದ, ತುಸು ಉದ್ದದ ಮಾತು,
ಬಲಗೈ ಎರಡು ಸಲ ಎತ್ತಿ ಇಳಿಸಿದ,
ಸುತ್ತಿಗೆ ಹಿಡಿದವರ ಹಾಗೆ.
ಹೂಂ ಅಂದೆ.