ಕೋಡಿಬಾಗದ ಮನೆ ನೋಡಲು ಬಂದವರಿಗೆ

ಆ ಅಳತೆಯ ಯಂತ್ರ ಮೊದಲು ಚೀಲದೊಳಗಿಡಿ, ಕೋರಿಶೆಟ್ಟರ್ ಮೇಡಂ.
ಅದರ ಕೆಂಪು ಚುಕ್ಕಿ ಗೋಡೆ ಎಷ್ಟು ದೂರ ಅಂತ ಹೇಳೀತು,
ಗೋಡೆ ಇನ್ನೆಷ್ಟು ದಿನ ಅಂತ ಹೇಳುವುದಿಲ್ಲ.
ಒಂದು ರೂಪಾಯಿ ನಾಣ್ಯ ಇದ್ದರೆ ಕೊಡಿ.
ಇಲ್ಲಿ ಬಡಿದರೆ ಟಣ್.
ಇಲ್ಲಿ? ಡಬ್.
ಡಬ್ ಅಂದಲ್ಲೆಲ್ಲ ಗಿಲಾಯಿ ಗೋಡೆಯನ್ನು ಬಿಟ್ಟು
ಬೇರೆ ಒಲೆ ಹೂಡಿದೆ ಅಂತ ತಿಳಿಯಿರಿ.
ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಬೆಲೆಯ ಮಾತು.

ಹೊಸ ಬಣ್ಣ ಕಂಡು ಹಿಗ್ಗಬೇಡಿ.
ಚೌತಿಗೂ ಬಳಿಯದ ಬಣ್ಣ ಮಾರುವಾಗ ಯಾಕೆ ಬಂತು?
ಕಪಾಟು ಸರಿಸಿ, ಅದರ ಹಿಂದೆ ನೆಲದಿಂದ ಒಂದು ಮೊಳದವರೆಗೆ
ಬೆರಳಾಡಿಸಿ. ಬಿಳಿ ಹುಡಿ ಹತ್ತಿತೇ? ನಾಲಿಗೆಗೆ ಮುಟ್ಟಿಸಿ.
ನಾಚಿಕೆ ಏನು, ಈ ಊರಿನ ಅರ್ಧ ಗೋಡೆಗಳನ್ನು ನಾನು ನೆಕ್ಕಿದವನು.
ಉಪ್ಪು.
ಭರತದ ಹೊತ್ತಿಗೆ ಕಾಳಿ ನದಿಯೇ ಹಿಂದಕ್ಕೆ ತಿರುಗುವ ಜಾಗ ಇದು,
ಗೋಡೆಯ ಪಾಡೇನು.

ಚಿರೆಕಲ್ಲಿಗೆ ಸಿಮೆಂಟು ಮೆತ್ತುತ್ತಾರೆ, ಗಟ್ಟಿ ಅಂತ.
ಮಳೆಗಾಲದಲ್ಲಿ ಕುಡಿದದ್ದನ್ನು ಕಲ್ಲು ಬೇಸಿಗೆಯಲ್ಲಿ ಕಕ್ಕಬೇಕು,
ಸಿಮೆಂಟು ಅದರ ಬಾಯಿ ಹೊಲಿಯುತ್ತದೆ.
ಸುಣ್ಣವೇ ಸರಿ. ಗುಂಡಿಯಲ್ಲಿ ಅದು ತನ್ನಷ್ಟಕ್ಕೆ ಕೊಳೆಯಲಿ,
ಅವಸರ ಮಾಡುವುದಕ್ಕೆ ಬ್ಯಾಂಕಿನವರು ಇದ್ದೇ ಇದ್ದಾರೆ.

ದುಡ್ಡು ಸುರಿಯುವುದಾದರೆ ತಲೆಯಿಂದ ಸುರಿಯಿರಿ:
ಹಂಚು, ಪಕಾಸಿ, ಮಾಡಿನ ನೀರು ಹೋಗುವ ದಾರಿ.
ನೆಲದ ಟೈಲ್ಸು ಎಲ್ಲಕ್ಕೂ ಕೊನೆಗೆ.
ಬಿಣಗಾದಲ್ಲಿ ಒಬ್ಬರು ಮೊದಲು ಅಡುಗೆಮನೆಗೆ ಗ್ರಾನೈಟ್ ಹಾಸಿದರು, ಮೂರು ಲಕ್ಷ.
ಜೂನ್ ಏಳಕ್ಕೆ ಅದರ ಮೇಲೆ ಕಪ್ಪೆ ಕೂತಿತ್ತು.
ತಂತಿ, ಪೈಪು ಒಂದೇ ಸಲ ಗೋಡೆ ಒಡೆದು ಮುಗಿಸಿ;
ಎರಡು ಸಲ ಒಡೆದರೆ ಎರಡು ಕೂಲಿ, ನನಗೇನು, ಲಾಭವೇ.
ತಿರುಪು, ಚಿಲಕ ಹಿತ್ತಾಳೆಯದೇ ತನ್ನಿ.
ಸಿಆರ್‌ಝಡ್ ಗೆರೆ ಎಲ್ಲಿ ಹಾಯುತ್ತದೆ ಅಂತ ಬರಹದಲ್ಲಿ ಪಡೆಯಿರಿ,
ಬಾಯಿಮಾತಿಗೆ ಅಡಿಪಾಯ ಇರುವುದಿಲ್ಲ.
ನೂರು ಅಂದುಕೊಂಡಲ್ಲಿ ನೂರಿಪ್ಪತ್ತೈದು ಇಟ್ಟುಕೊಳ್ಳಿ.
ಆ ಇಪ್ಪತ್ತೈದು ಎಲ್ಲಿ ಹೋಯಿತು ಅಂತ ಆಮೇಲೆ ನನ್ನನ್ನು ಕೇಳಬೇಡಿ.

ಈಗ ಮೇಲೆ ಬನ್ನಿ.
ಹುಷಾರು, ಮೂರನೇ ಮೆಟ್ಟಿಲು ಅಲ್ಲಾಡುತ್ತದೆ.
ಇಗೋ, ಈ ಸ್ಲ್ಯಾಬ್. ಬಿರುಕು. ಬಿರುಕಿನ ಗುಂಟ ಕೆಂಪು ಕಣ್ಣೀರು.
ಒಳಗಿನ ಸಲಾಕೆ ತುಕ್ಕು ತಿಂದು ಊದಿಕೊಂಡು
ತನ್ನ ಮನೆಯನ್ನೇ ದೂಡುತ್ತಿದೆ.
ಕಡಲ ಗಾಳಿ ಅಂತ ದಲ್ಲಾಳಿ ತಳೇಕರ್ ಹೇಳಿರುತ್ತಾನೆ.
ಗಾಳಿಯಾದರೆ ಪಡುವಣ ಅಂಚಿನಿಂದ ಶುರುವಾಗಬೇಕಿತ್ತು.
ಇದು ನಡುಕೋಣೆಯ ನೆತ್ತಿ.

ತೊಂಬತ್ತೇಳು, ಮೇ ಕೊನೆ. ಸದಾಶಿವಗಡದ ತಲೆಯ ಮೇಲೆ ಕಪ್ಪು ಕಟ್ಟಿತ್ತು.
ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದಳು ಸುಲೋಚನಾ ಬಾಂದೇಕರ್,
ಮಳೆಗೆ ಮುಂಚೆ ಮುಗಿಯಬೇಕು, ಮುಗಿಯಬೇಕು.
ಹೊಳೆಮರಳಿನ ಲಾರಿ ಬರಲಿಲ್ಲ.
ರಾತ್ರಿ ನಾಲ್ಕು ಗಾಡಿ ಕಡಲ ಮರಳು ತರಿಸಿದೆ.
ಮೇಲೆ ಎರಡು ಕೊಡ ನೀರು ಹೊಯ್ದು
ತೊಳೆದೆ ಅಂತ ನನಗೆ ನಾನೇ ಹೇಳಿಕೊಂಡೆ.
ಬೆಳಿಗ್ಗೆ ಅವಳು ನಮಗೆಲ್ಲ ಅವಲಕ್ಕಿ ಕೊಟ್ಟಳು, ಬೆಲ್ಲ ಹೆಚ್ಚು ಹಾಕಿ.

ಹೌದು, ಈ ಇನಾಸ್ ರೊಸಾರಿಯೊನೇ.

ಇದನ್ನು ತೋರಿಸಿ ನಾಲ್ಕು ಲಕ್ಷ ಇಳಿಸಬಹುದು ನೀವು.
ಇಳಿಸಿದ್ದು ಅವಳ ಮಗಳ ದುಡ್ಡು.
ಇಳಿಸಿ ಅನ್ನಲೂ, ಬೇಡ ಅನ್ನಲೂ ನನಗೆ ಬಾಯಿಲ್ಲ.
ಒಡೆಯುವ ಕೂಲಿ ನನಗೆ ಬೇಡ.
ಹೊಸದು ಹಾಕುವ ಕೂಲಿ ಬೇಕು, ಹೊಟ್ಟೆ ಕೇಳುವುದಿಲ್ಲ.
ಮರಳು ಮಾತ್ರ ನೀವೇ ತರಿಸಿ.
ಲಾರಿ ಬಂದ ದಿನ ಒಂದು ಚಿಟಿಕೆ
ನಾಲಿಗೆಗೆ ಹಾಕಿಕೊಂಡು ನೋಡಿ,
ನನ್ನ ಎದುರಿಗೇ.